ನಮ್ಮನೆ ರಿಪೇರಿ, ಭಾಗ 4: ಕಬೋರ್ಡಿಗೆ ಯಾವ ಬಣ್ಣ?

ಮೊದಲನೇ ಫೋಟೋದಲ್ಲಿರೋದು ನಮ್ಮನೆ ಅಡುಗೆಮನೆ, ಬಣ್ಣ ಹೊಡೆಯೋಕೆ ಮುಂಚೆ. ರಾತ್ರಿ ತೆಗೆದಿದ್ದು ಅಂದ್ಕೋಬೇಡಿ, ಬೆಳಗ್ಗೆ ಹತ್ತು ಗಂಟೆ. ಕಿಟಕಿ ಹೊರಗೆ ಪಕ್ಕದ ಮನೆ ಗೋಡೆ, ಒಳಗೆ ಕರಿ ಗ್ರಾನೈಟ್, ಅದರ ಮೇಲೂ ಕೆಳಗೂ ಕಾಫಿ ಬಣ್ಣದ ಕಬೋರ್ಡು. ಮನೆ ಕಟ್ಟಿಸುವಾಗ ಅಪ್ಪ ಆರಿಸಿದ್ದು. "ಜಿಡ್ಡು ಕಾಣಲ್ಲ" ಅನ್ನೋದೊಂದೇ ಕಾರಣ. ನಿಜ, ಜಿಡ್ಡು ಕಾಣಲ್ಲ. ಬಾಗಿಲೂ ಕಾಣಲ್ಲ.

ಎರಡು ತಿಂಗಳ ಹಿಂದೆ ಮೇಲಿನ ಕಬೋರ್ಡಿನ ಬಾಗಿಲೊಂದು ಅರ್ಧ ತೆರೆದಿತ್ತು. ಒಲೆ ಕಡೆಯಿಂದ ತಿರುಗಿದ ಅಜ್ಜಿ ಹಣೆ ಅದರ ಅಂಚಿಗೆ ಬಡೀತು. ಬಲಹುಬ್ಬಿನ ಮೇಲೆ ಮೂರು ಹೊಲಿಗೆ. ಅವತ್ತಿಂದ ಅಮ್ಮ, "ಅತ್ತೆ, ನೀವು ಇನ್ಮೇಲೆ ಒಳಗೆ ಬರ್ಬೇಡಿ, ಎಲ್ಲಾ ಕೂತಲ್ಲಿಗೇ ತಂದ್ಕೊಡ್ತೀನಿ" ಅಂದ್ರು. ಪ್ರೀತಿಯಿಂದಲೇ ಅಂದಿದ್ದು. ಆದ್ರೆ ಜೀವನವೆಲ್ಲ ಒಲೆ ಮುಂದೆ ಇದ್ದವರು ಟೀವಿ ಮುಂದೆ ಕೂತು ಕುಕ್ಕರ್ ವಿಶಲ್ ಎಣಿಸ್ತಾ, "ಮೂರಾಯ್ತು, ಆಫ್ ಮಾಡಮ್ಮಾ" ಅಂತ ಅಲ್ಲಿಂದಲೇ ಕೂಗೋದನ್ನ ನೋಡೋಕಾಗ್ತಿರ್ಲಿಲ್ಲ.

ಆ ಬಾಗಿಲು ತೆಗೆದಿಟ್ಟು ಹೋಗಿದ್ದು ನಾನು. ಆಗ ಯಾರಿಗೂ ಹೇಳಿರ್ಲಿಲ್ಲ.

ಅಡುಗೆಮನೆ ಸರಿ ಮಾಡ್ಸೋಣ ಅಂದಾಗ ಅಮ್ಮ ಮಾಡ್ಯುಲರ್ ಕಿಚನ್ ಅಂದ್ರು. ಅಪ್ಪ ಕೊಟೇಶನ್ ನೋಡಿದವರು ಪೇಪರ್ ಎತ್ಕೊಂಡು ಓದೋಕೆ ಕೂತ್ರು. ಕೊನೆಗೆ, ಟ್ಯೂಷನ್ ಹೇಳ್ಕೊಟ್ಟ ದುಡ್ಡಲ್ಲಿ ಪೇಂಟ್ ನಾನೇ ತರ್ತೀನಿ, ನಾನೇ ಹೊಡೀತೀನಿ ಅಂದೆ. ಮನಸ್ಸಲ್ಲಿ ಇದ್ದಿದ್ದು ಸೇಜ್ ಗ್ರೀನ್. ನೀವೂ ನೋಡಿರ್ತೀರ, ಇಲ್ಲಿ ಸ್ಕ್ರೋಲ್ ಮಾಡಿದ್ರೆ ಎಲ್ಲರ ಅಡುಗೆಮನೆನೂ ಅದೇ ಬಣ್ಣ. ಅಂಗಡಿಯಿಂದ ಶೇಡ್ ಕಾರ್ಡ್ ತಂದು ಅಜ್ಜಿ ಮುಂದೆ ಹಿಡಿದೆ.

ಅಜ್ಜಿಗೆ ಎಡಗಣ್ಣಿನ ಪೊರೆ ಆಪರೇಷನ್ ಆಗಿದೆ, ಬಲಗಣ್ಣಿಂದು ಇನ್ನೂ ಬಾಕಿ. ಎಡಗಣ್ಣು ಮುಚ್ಚಿ ಸೇಜ್ ಗ್ರೀನ್ ನೋಡಿ "ಒಣಗಿದ ಹೊಂಗೆ ಎಲೆ" ಅಂದ್ರು. ಬಲಗಣ್ಣು ಮುಚ್ಚಿ ನೋಡಿ "ಬೂದಿ" ಅಂದ್ರು. ಬಿಳಿ ತೋರಿಸಿದ್ರೆ ಒಂದು ಕಣ್ಣಿಗೆ ಹಳೇ ತುಪ್ಪ, ಇನ್ನೊಂದಕ್ಕೆ ಮಲ್ಲಿಗೆ. ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯ್ತು. ವಯಸ್ಸಾಗ್ತಾ ಕಣ್ಣೊಳಗಿನ ಲೆನ್ಸ್ ಹಳದಿಗಟ್ಟುತ್ತೆ, ನೀಲಿ ಬೆಳಕನ್ನ ಒಳಗೆ ಸರಿಯಾಗಿ ಬಿಡಲ್ಲ. ನೀಲಿ, ಹಸಿರು, ಬೂದು ಒಂದರೊಳಗೊಂದು ಕಲಸಿಹೋಗುತ್ತೆ. ಆಪರೇಷನ್ ಆದ ಕಣ್ಣಿಗೆ ಆ ಹಳದಿ ಪರದೆ ಇರಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆಗೆ 1923ರಲ್ಲಿ ಬಲಗಣ್ಣಿಗೆ ಮಾತ್ರ ಪೊರೆ ಆಪರೇಷನ್ ಆದಾಗ ಅವರಿಗೂ ಬಣ್ಣಗಳದ್ದು ಇದೇ ಗೋಳಂತೆ. ನಮ್ಮಜ್ಜಿ ಮೊನೆ ಲೆವೆಲ್ಲು ಅಂತ ಕ್ಲಾಸಲ್ಲೆಲ್ಲ ಹೇಳ್ಕೊಂಡು ಬಂದೆ.

ಸೇಜ್ ಗ್ರೀನ್ ಕಥೆ ಅಲ್ಲಿಗೆ ಮುಗೀತು. ಗ್ರಾನೈಟ್ ಯಾವುದು, ಬಾಗಿಲು ಯಾವುದು, ಬಾಗಿಲಿನ ಅಂಚು ಎಲ್ಲಿದೆ ಅನ್ನೋದು ಅಜ್ಜಿಯ ಎರಡು ಕಣ್ಣಿಗೂ ಗೊತ್ತಾಗ್ಬೇಕು. ಇದನ್ನ ಹೇಳೋಕೆ ನಾನು ಒದ್ದಾಡ್ತಿದ್ರೆ ಅಜ್ಜಿ, "ಸೀರೆ ಥರ ಅನ್ನು. ಒಡಲು ತಿಳಿ, ಅಂಚು ಗಾಢ" ಅಂದ್ರು. ಆಮೇಲೆ ಒಂದು ಗಂಟೆ ಸೀರೆ ಅಂಗಡಿ ನಡೀತು. ಶೇಡ್ ಕಾರ್ಡಿನ ಇಂಗ್ಲಿಷ್ ಹೆಸರೆಲ್ಲ ಮೂಲೆಗೆ. ಇದು ಈರುಳ್ಳಿ ಸಿಪ್ಪೆ, ಇದು ಮಾವಿನ ಚಿಗುರು, ಇದು ಬದನೆಕಾಯಿ, ಇದು "ನಿಮ್ಮ ತಾತ ನಂಗೆ ಇಷ್ಟ ಇಲ್ದಿದ್ರೂ ತಂದಿದ್ದ ಬಣ್ಣ". ಶಿರಾ ಹತ್ರ ಅಜ್ಜಿ ಊರಿನ ಮನೇಲಿ ಗೋಡೆಗೆ ಸುಣ್ಣ ಹೊಡೆದು, ಬುಡದಲ್ಲಿ ಕೆಮ್ಮಣ್ಣಿನ ಪಟ್ಟೆ ಎಳೀತಿದ್ರಂತೆ. ದೀಪದ ಬೆಳಕಲ್ಲೂ ಗೋಡೆ ಎಲ್ಲಿ ಮುಗೀತು ಅಂತ ಕಾಣ್ತಿತ್ತಂತೆ. ಸರಿ, ಒಡಲಿಗೆ ಬೆಣ್ಣೆ ಬಣ್ಣ, ಅಂಚಿಗೂ ಹಿಡಿಗೂ ಕೆಮ್ಮಣ್ಣು.

ನೀವೂ ಮಾಡೋದಾದ್ರೆ ಕೇಳಿ. ಶೇಡ್ ಕಾರ್ಡ್ ನೋಡಿದ ತಕ್ಷಣ ದೊಡ್ಡ ಡಬ್ಬಿ ತರ್ಬೇಡಿ. ಮೆಷಿನ್ನಲ್ಲಿ ಕಲಸಿದ ಬಣ್ಣ ನಮ್ಮ ಅಂಗಡಿಯವರು ವಾಪಸ್ ತಗೊಳ್ಳಲ್ಲ, ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಅಂತಾರಲ್ಲ, ಅದೇ ಇದು. ಚಿಕ್ಕ ಡಬ್ಬಿ ತಂದು ರಟ್ಟಿಗೆ ಹಚ್ಚಿ, ಕಬೋರ್ಡಿಗೆ ಅಂಟಿಸಿ, ಬೆಳಗ್ಗೆ ಒಂದ್ಸಲ, ಸಂಜೆ ಟ್ಯೂಬ್‌ಲೈಟಲ್ಲಿ ಒಂದ್ಸಲ ನೋಡಿ. ನಮ್ಮ ಮೊದಲನೇ ಬೆಣ್ಣೆ ಸಂಜೆ ಹೊತ್ತಿಗೆ ಆಸ್ಪತ್ರೆ ಗೋಡೆ ಆಗಿತ್ತು, ಎರಡನೇದು ಪಾಸಾಯ್ತು. ಆಯಿಲ್ ಪೇಂಟಲ್ಲಿ ಬಿಳಿ, ಕೆನೆ ಬಣ್ಣಗಳು ಬೆಳಕು ಕಮ್ಮಿ ಇರೋ ಕಡೆ ಹೋಗ್ತಾ ಹೋಗ್ತಾ ಹಳದಿ ಆಗುತ್ತೆ, ಅದಕ್ಕೇ ನಾನು ನೀರಲ್ಲಿ ಕಲಸೋ ಎನಾಮೆಲ್ ತಂದೆ. ಜಾಸ್ತಿ ಹೊಳಪಿದ್ರೆ ಲೈಟ್ ಬಿದ್ದು ಅಜ್ಜಿಗೆ ಕಣ್ಣು ಕುಕ್ಕುತ್ತೆ, ಹಾಗಾಗಿ ಸ್ಯಾಟಿನ್. ಜಿಡ್ಡು ತೊಳೆಯೋಕೇ ಎರಡು ದಿನ ಹೋಯ್ತು (ಅಪ್ಪಾ, ಜಿಡ್ಡು ಇತ್ತು, ತುಂಬಾ ಇತ್ತು). ಆಮೇಲೆ ಉಪ್ಪುಕಾಗದ, ಪ್ರೈಮರ್, ಎರಡು ಕೋಟು.

ಭಾನುವಾರ ಬಾಗಿಲುಗಳನ್ನೆಲ್ಲ ಬಿಚ್ಚಿ ಟೆರೇಸ್ ಮೇಲೆ ಪೇಪರ್ ಹಾಸಿ ಇಟ್ಟಿದ್ದೆ. ಅಜ್ಜಿ ಸ್ಟೂಲ್ ಹಾಕ್ಕೊಂಡು ಪಕ್ಕದಲ್ಲೇ ಕೂತಿದ್ರು. ಆ ಬಾಗಿಲಿನ ಸರದಿ ಬಂದಾಗ ತಲೆ ಎತ್ತದೇ ಹೇಳ್ದೆ, "ಅಜ್ಜಿ, ಅವತ್ತು ಇದನ್ನ ತೆಗೆದಿಟ್ಟಿದ್ದು ನಾನು."

"ಗೊತ್ತು ಕಣೆ. ಆ ಗೂಡಲ್ಲಿ ನಿನ್ನ ನೂಡಲ್ಸ್ ಬಿಟ್ರೆ ಇನ್ನೇನಿದೆ?"

ಆಮೇಲೆ ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ. ಅಂಚಿಗೆ ಸರಿಯಾಗಿ ಹಚ್ಚು, ಮರ ಕಾಣ್ತಿದೆ ಅಂದ್ರು. ಹಚ್ಚಿದೆ.

ಈಗ ಬೆಳಗಿನ ಕಾಫಿ ಮತ್ತೆ ಅಜ್ಜಿದೇ. ಅಮ್ಮ ಮೊದಲ ವಾರ ಬಾಗಿಲ ಹತ್ರ ನಿಂತು ಕಾಯ್ತಿದ್ರು, ಈಗ ಪೇಪರ್ ಓದ್ತಾ ಲೋಟಕ್ಕೆ ಕಾಯ್ತಾರೆ. ಬಲಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಆಮೇಲೆ ಈ ಬೆಣ್ಣೆ ಬೇರೆ ಏನಾದ್ರೂ ಆಗಿ ಕಂಡ್ರೆ ಏನ್ ಮಾಡೋದು ಅಂತ ಕೇಳ್ದೆ. "ಇನ್ನೊಂದ್ಸಲ ಹೊಡಿ, ನಿಂಗೇನ್ ಕೆಲ್ಸ" ಅಂದ್ರು. ಉಳಿದ ಉಪ್ಪುಕಾಗದ ಎತ್ತಿಟ್ಟಿದ್ದೀನಿ.

ಕೊನೇ ಫೋಟೋ ಸ್ವಲ್ಪ ಅಲ್ಲಾಡಿದೆ. ನೂಡಲ್ಸ್ ಗೂಡಿನ ಬಾಗಿಲು ಮತ್ತೆ ತೆರೆದೇ ಇತ್ತು, ತೆಗೀತಾ ಇರುವಾಗ್ಲೇ ಅಜ್ಜಿ ಬಂದು ದಡ್ ಅಂತ ಮುಚ್ಚಿದ್ರು.