ಮೇಸ್ತ್ರಿಗಳ ಮೇಲೊಬ್ಬ ಮೇಸ್ತ್ರಿ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದವರೊಬ್ಬರು ನಿವೃತ್ತರಾದ ಮೇಲೆ ನೆಲಗದರನಹಳ್ಳಿಯ ತಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟರು. ಕೈಯಲ್ಲಿದ್ದುದು ಪ್ರಾವಿಡೆಂಟ್ ಫಂಡಿನ ಹಣ ಮಾತ್ರ. ಸಾಮಾನು ಸಮೇತ ಗುತ್ತಿಗೆ ಕೊಟ್ಟರೆ ಚದರಕ್ಕೆ ಇಷ್ಟೆಂದು ಮೊದಲೇ ತೀರ್ಮಾನವಾಗುತ್ತದೆ. ಆದರೆ ಸಿಮೆಂಟು, ಕಬ್ಬಿಣ ಎಷ್ಟು ಹಾಕಿದರೆಂದು ಕಂಡವರಾರು? ಬರೀ ಲೇಬರ್ ಕಂಟ್ರಾಕ್ಟ್ ಆದರೆ ಅಂಗಡಿ ಅಲೆಯುವುದು ತಪ್ಪದು. ವೈಟ್‌ಫೀಲ್ಡಿನಲ್ಲಿ ಸೈಟ್ ಎಂಜಿನಿಯರ್ ಆಗಿದ್ದ ಅಳಿಯಂದಿರು ಮೂರನೆಯ ದಾರಿ ಹೇಳಿದರು: "ಮಾವ, ಕೆಲಸ ಬಿಡಿಬಿಡಿಯಾಗಿ ಹಂಚೋಣ. ಮೇಲೆ ನಿಂತು ನೋಡಿಕೊಳ್ಳೋದು ನನಗಿರಲಿ."

ದೊಡ್ಡವರ ಲೋಕದಲ್ಲಿ ಇದಕ್ಕೆ ಮ್ಯಾನೇಜ್‌ಮೆಂಟ್ ಕಂಟ್ರಾಕ್ಟಿಂಗ್ ಎಂದು ಹೆಸರು. ಬ್ರಿಟನ್ನಿನಲ್ಲಿ 1987ರಲ್ಲೇ ಇದಕ್ಕೊಂದು ಮಾದರಿ ಕರಾರುಪತ್ರ ಬಂತು. ಈ ಗುತ್ತಿಗೆದಾರ ತಾನಾಗಿ ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಪಾಯ, ಕಂಬ-ತೊಲೆ, ಗಾಜು, ಲಿಫ್ಟು ಎಂದು ಕೆಲಸವನ್ನು ಪಾಲು ಮಾಡಿ ಬೇರೆ ಬೇರೆಯವರಿಗೆ ಒಪ್ಪಿಸುತ್ತಾನೆ. ಮಾಲೀಕ ಕೊಡುವುದು ಆದ ಖರ್ಚು, ಜೊತೆಗೆ ಅವನ ಫೀಸು. ನಮ್ಮ ಸಾಫ್ಟ್‌ವೇರ್ ಕ್ಯಾಂಪಸ್ಸುಗಳಲ್ಲಿ ಕಾಣಸಿಗುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಇವನ ತಮ್ಮನಿದ್ದಂತೆ. ಅಲ್ಲಿ ಕರಾರುಗಳಿಗೆ ಮಾಲೀಕನೇ ನೇರವಾಗಿ ರುಜು ಹಾಕುತ್ತಾನೆ. ಲಾಭವೆಂದರೆ ಸಮಯ. ಮೇಲಂತಸ್ತಿನ ನಕ್ಷೆ ಮುಗಿಯುವ ಮೊದಲೇ ಪಾಯ ತೋಡಬಹುದು. ಬಾಡಿಗೆಗೆ ಕಾದು ಕೂತ ಕಂಪನಿಗೆ ಒಂದು ತಿಂಗಳು ಉಳಿದರೂ ದೊಡ್ಡ ದುಡ್ಡು. ಆದರೆ ಕೊನೆಯ ಪಾಲಿನ ಟೆಂಡರು ತೆರೆಯುವವರೆಗೆ ಒಟ್ಟು ಬೆಲೆ ಯಾರಿಗೂ ತಿಳಿಯದು. ಏರಿದ ಖರ್ಚು ಬಹುಪಾಲು ಮಾಲೀಕನ ತಲೆಗೇ.

ನೆಲಗದರನಹಳ್ಳಿಯಲ್ಲೂ ಪಾಯ ಬೇಗ ಎದ್ದಿತು. ಮಹಡಿಯ ನಕ್ಷೆ ಮಾತ್ರ ಮೂರು ಸಲ ಬದಲಾಯಿತು. ಗಿಲಾವು ಮುಗಿದ ಗೋಡೆಯನ್ನು ವೈರಿಂಗಿನವನು ಕೊರೆದ. ನಲ್ಲಿಯವನು ತಾರಸಿಯಲ್ಲಿ ತೂತು ಮಾಡಿ ಪೈಪು ಇಳಿಸಿ ಹೋದ. ಸುತ್ತಲಿನ ಸಂದು ಮುಚ್ಚುವವರು ಯಾರು? ಗಾರೆಯವನು "ನನ್ನ ಕೆಲಸ ಆಗಲೇ ಮುಗೀತು" ಎಂದ. ನಲ್ಲಿಯವನು "ಸಿಮೆಂಟ್ ಕೆಲಸ ನಮ್ಮದಲ್ಲ ಸಾರ್" ಎಂದ. ಇಂಥ ಸಂದುಗಳಿಗೆಂದೇ ಮ್ಯಾನೇಜರನಿಗೆ ಫೀಸು ಕೊಡುವುದು. ಫೀಸು ಕೊಡದ ಅಳಿಯನನ್ನು ಕೇಳುವುದು ಹೇಗೆ? ಅವರಿಗೋ ವೈಟ್‌ಫೀಲ್ಡಿನಿಂದ ಬಿಡುವು ಸಿಗುವುದು ಭಾನುವಾರ ಮಾತ್ರ.

ಮೊದಲ ಮಳೆಗೆ ಅಡುಗೆಮನೆ ಸೋರಿತು. ಫಿಟರ್ ಯಜಮಾನರು ತಾವೇ ಕರಣೆ ಹಿಡಿದು ತಾರಸಿ ಹತ್ತಿದರು. ಬಣ್ಣದ ಸರದಿ ಬರುವಷ್ಟರಲ್ಲಿ ಪಿ.ಎಫ್. ಹಣ ತೀರಿತ್ತು. ಗೃಹಪ್ರವೇಶದ ದಿನ ಹೆಂಡತಿ ಮಹಡಿಯ ಬಾಗಿಲಿಗೆ ಬೀಗ ಹಾಕಿ, ಬಂದವರಿಗೆ ಕೆಳಗಿನ ಮನೆಯನ್ನಷ್ಟೇ ತೋರಿಸಿದರು.