ಪಡ್ರೆಯ ಗುಡ್ಡದ ಮೇಲೆ ಹೆಲಿಕಾಪ್ಟರ್

ಗುಡ್ಡದ ಆಚೆಯಿಂದ ಸದ್ದು ಕೇಳಿತೆಂದರೆ ಸಾಕು, ಮಕ್ಕಳು ಅಂಗಳಕ್ಕೆ ಓಡುತ್ತಾರೆ. ಹೆಲಿಕಾಪ್ಟರ್! ಊರಿಗೆ ಬಸ್ಸು ಬರುವುದೇ ಅಪರೂಪ, ಇಲ್ಲಿ ಹೆಲಿಕಾಪ್ಟರೇ ಬಂದಿದೆ. ಗೇರುಮರಗಳ ನೆತ್ತಿ ಸವರಿಕೊಂಡು ಅದು ಹಾರುತ್ತದೆ, ಹೊಟ್ಟೆಯಿಂದ ಬಿಳಿ ಮಂಜು ಸುರಿಯುತ್ತದೆ, ಗಾಳಿ ಆ ಮಂಜನ್ನು ಕಣಿವೆಗೆ ನೂಕುತ್ತದೆ. ಬಾವಿ, ತೋಡು, ಒಣಹಾಕಿದ ಬಟ್ಟೆ, ಕತ್ತೆತ್ತಿ ನಗುತ್ತಿರುವ ಮುಖಗಳು, ಯಾವುದನ್ನೂ ಅದು ಬಿಡುವುದಿಲ್ಲ.

ಇದು ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ. ಪಕ್ಕದಲ್ಲೇ ಸ್ವರ್ಗ ಎಂಬ ಹೆಸರಿನ ಊರು. ಗುಡ್ಡದ ಮೇಲೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಪು, ತಗ್ಗಿನಲ್ಲಿ ಮನೆ, ಅಡಿಕೆ ತೋಟ, ನೀರಿನ ಸುರಂಗ. ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಮೇಲಿನಿಂದ ಎಂಡೋಸಲ್ಫಾನ್ ಬಿಡುತ್ತಿದ್ದರು. 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಜಿಲ್ಲೆಯ ಸುಮಾರು 4,700 ಹೆಕ್ಟೇರಿನ ಮೇಲೆ. ಮರದ ತಲೆಯಿಂದ ಮೂರು ಮೀಟರಿಗಿಂತ ಮೇಲೆ ಹಾರಬಾರದು, ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮವಿತ್ತು. ಏರಿಳಿತದ ಈ ಗುಡ್ಡಗಳಲ್ಲಿ ಮೂರು ಮೀಟರ್ ಲೆಕ್ಕ ಹಿಡಿಯುವವರು ಯಾರು? ಹರಿಯುವ ತೋಡಿಗೆ ಯಾವ ಮುಚ್ಚಳ?

ಮೊದಲ ಸುಳಿವು ಸಿಕ್ಕಿದ್ದು ಹಟ್ಟಿಯಲ್ಲಿ. ಕಾಲು ತಿರುಚಿದ ಕರುಗಳು ಹುಟ್ಟತೊಡಗಿದವು. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ 1981ರಲ್ಲೇ ಅದನ್ನು ಬರೆದು ಎಚ್ಚರಿಸಿದರು. ಲೋಕ ಓದಿ ಮಗುಚಿತು. ಜೇನ್ನೊಣ ಮಾಯವಾಯಿತು, ತೋಡಿನ ಮೀನು ಸತ್ತು ತೇಲಿತು. ಹೆಲಿಕಾಪ್ಟರ್ ಮಾತ್ರ ತಪ್ಪದೆ ಬರುತ್ತಿತ್ತು.

1982ರಲ್ಲಿ ಪಡ್ರೆಯ ವಾಣೀನಗರದಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ದವಾಖಾನೆ ತೆರೆದರು. ಒಬ್ಬನೇ ವೈದ್ಯ, ಸ್ಕ್ಯಾನಿಲ್ಲ, ಪ್ರಯೋಗಾಲಯವಿಲ್ಲ. ಜ್ವರ ಕೆಮ್ಮಿನ ನಡುವೆ ಬೇರೆಯೇ ಕಾಯಿಲೆಗಳು ಬಾಗಿಲು ತಟ್ಟಿದವು. ಫಿಟ್ಸ್ ಬಂದು ಬಿದ್ದ ಮಗು. ಕತ್ತು ನಿಲ್ಲದ ಮಗು. ವಯಸ್ಸು ಏರಿದರೂ ಮಾತು ಬಾರದ ಹುಡುಗ. ಮಿದುಳುಪಕ್ಷವಾತ, ಬುದ್ಧಿಮಾಂದ್ಯ, ಜೊತೆಗೆ ದೊಡ್ಡವರಲ್ಲಿ ಮಾನಸಿಕ ಕಾಯಿಲೆ, ಕ್ಯಾನ್ಸರ್. ಇಷ್ಟು ಚಿಕ್ಕ ಊರಿಗೆ ಇಷ್ಟೊಂದೇ? ಊರಿನವರ ಬಳಿ ಉತ್ತರ ಸಿದ್ಧವಿತ್ತು: ದೈವದ ಮುನಿಸು. ಪ್ರಶ್ನೆ ಇಟ್ಟರು, ಹರಕೆ ಹೇಳಿದರು. ಮಕ್ಕಳು ಹಾಸಿಗೆಯಿಂದ ಏಳಲಿಲ್ಲ.

ಡಾಕ್ಟರು ದಾಖಲೆ ಬರೆಯತೊಡಗಿದರು. ಯಾರ ಮನೆ, ಯಾವ ಕಾಯಿಲೆ, ಮನೆ ಎಲ್ಲಿದೆ. ಆಗ ಕಂಡಿತು: ರೋಗಿಗಳ ಮನೆಗಳು ಕೊಡೆಂಕಿರಿ ತೋಡಿನ ಬದಿಯಲ್ಲೇ ಗುಂಪುಗುಂಪಾಗಿವೆ. ತೋಡು ಹುಟ್ಟುವುದು ಗೇರುಗುಡ್ಡದಲ್ಲಿ! ರೋಗ ನೀರಿನ ದಾರಿಯಲ್ಲೇ ಇಳಿದುಬಂದಿತ್ತು. ನನ್ನ ಮಟ್ಟಿಗೆ ಈ ಇಡೀ ಸಾಹಸದ ಶಿಖರ ಇದೇ. ಮುಂದೆ ಬಂದ ದೊಡ್ಡ ದೊಡ್ಡ ಯಂತ್ರಗಳೆಲ್ಲ ಒಬ್ಬ ಹಳ್ಳಿ ವೈದ್ಯರ ಟಿಪ್ಪಣಿ ತೋರಿಸಿದ ದಿಕ್ಕಿನಲ್ಲೇ ನಡೆದವು.

ನಾನೀಗ ಇರುವುದು ಬಹರೈನಿನ ಅವಾಲಿಯಲ್ಲಿ. 1932ರಲ್ಲಿ ಇಲ್ಲಿನ ಜಬಲ್ ದುಖಾನ್ ಬೆಟ್ಟದ ಬುಡದಲ್ಲಿ ಎಣ್ಣೆ ಸಿಕ್ಕಿದ ಮೇಲೆ ಕಂಪೆನಿ ತನ್ನವರಿಗೆಂದು ಕಟ್ಟಿದ ಊರು. ಎಣ್ಣೆ ಕೆಲಸದ ಒಂದು ಕಟ್ಟಳೆ ನನಗೆ ಪಡ್ರೆಯನ್ನು ನೆನಪಿಸುತ್ತದೆ: ಗ್ಯಾಸ್ ಪರೀಕ್ಷೆ ಆಗದೆ ಅಪಾಯದ ಜಾಗಕ್ಕೆ ಕಾಲಿಡಲು ಪರ್ಮಿಟ್ ಸಿಗುವುದಿಲ್ಲ. ವಿಷ ಇಲ್ಲವೆಂದು ತೋರಿಸಬೇಕಾದ್ದು ಕೆಲಸ ಮಾಡಿಸುವವರು. ಪಡ್ರೆಯಲ್ಲಿ ಎಲ್ಲ ತಲೆಕೆಳಗು. ವಿಷ ಇದೆಯೆಂದು ಸಾಬೀತು ಮಾಡುವ ಹೊರೆ ಬಿದ್ದದ್ದು ಕಾಯಿಲೆಯ ಮಗುವನ್ನು ಹೊತ್ತು ಗುಡ್ಡ ಇಳಿಯುವ ತಾಯಿಯ ಮೇಲೆ.

ಅತ್ತ ಕಾಸರಗೋಡು ಜಿಲ್ಲೆಯ ದಕ್ಷಿಣದ ಪೆರಿಯದಲ್ಲಿ ಇನ್ನೊಂದು ಕಾಳಗ. ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯದೇ ನೌಕರೆ. ಇಲಾಖೆಯವರೇ ಮದ್ದಿನ ವಿರುದ್ಧ ದನಿ ಎತ್ತುವುದುಂಟೇ? ಎತ್ತಿದರು. 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿನ ಮೆಟ್ಟಿಲೇರಿ, ಆಕಾಶದಿಂದ ಮದ್ದು ಬಿಡುವುದಕ್ಕೆ ತಡೆ ತಂದರು. ಆದರೂ 2000ದ ಡಿಸೆಂಬರ್ 26ರಂದು ಜಿಲ್ಲೆಯಲ್ಲಿ ಮತ್ತೆ ಹೆಲಿಕಾಪ್ಟರ್ ಹಾರಿತು. ಅದೇ ಕೊನೆ. ಪಡ್ರೆಯ ಜನ ಎದ್ದು ನಿಂತಿದ್ದರು.

ಇನ್ನು ಪುರಾವೆಯ ಬೇಟೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ರಕ್ತ, ಹಾಲಿನ ಮಾದರಿ ಒಯ್ದು ಪರೀಕ್ಷಿಸಿತು. 2001ರ ಆರಂಭದಲ್ಲಿ ಫಲಿತಾಂಶ ಹೊರಬಿತ್ತು: ಎಂಡೋಸಲ್ಫಾನ್ ಇದೆ, ತಾಯಿಯ ಹಾಲಿನಲ್ಲೂ! ಕೂಡಲೇ ಇನ್ನೊಂದು ಪ್ರಯೋಗಾಲಯದ ವರದಿ ಎದುರಾಯಿತು: ಏನೂ ಇಲ್ಲ. ಯಾರನ್ನು ನಂಬುವುದು?

ರಾಷ್ಟ್ರೀಯ ಮಾನವ ಹಕ್ಕು ಆಯೋಗ ಮಧ್ಯೆ ಬಂತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2001ರಲ್ಲಿ ಗುಡ್ಡ ಹತ್ತಿತು. ಹಬೀಬುಲ್ಲಾ ಸೈಯದ್ ಅವರ ಈ ತಂಡದ ಜಾಣತನವೆಲ್ಲ ಹೋಲಿಕೆಗೆ ಆರಿಸಿದ ಊರಿನಲ್ಲಿದೆ. ಪಡ್ರೆಯಿಂದ ಸುಮಾರು 20 ಕಿಲೋಮೀಟರ್ ದೂರದ ಮೀಂಜ: ಅಂಥದೇ ಜನ, ಅಂಥದೇ ಬದುಕು, ಆದರೆ ಆಕಾಶದಿಂದ ಮದ್ದು ಬಿದ್ದಿಲ್ಲ. ಸಂಬಂಧದೊಳಗಿನ ಮದುವೆಯೋ ಬಡತನವೋ ಕಾರಣವಾಗಿದ್ದರೆ ಮೀಂಜದ ಮಕ್ಕಳೂ ಹಾಗೆಯೇ ನರಳಬೇಕಿತ್ತು. ನರಳಿರಲಿಲ್ಲ. ಕಲಿಕೆಯ, ನಡವಳಿಕೆಯ ತೊಂದರೆ, ಹುಟ್ಟುದೋಷಗಳು ಪಡ್ರೆಯಲ್ಲೇ ಹೆಚ್ಚು. ಪಡ್ರೆಯ 117 ಹುಡುಗರನ್ನು ಮೀಂಜದ 90 ಹುಡುಗರ ಜೊತೆ ಇಟ್ಟು ನೋಡಿದ ಪ್ರಬಂಧ 2003ರಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ರಕ್ತದಲ್ಲಿ ಎಂಡೋಸಲ್ಫಾನಿನ ಸರಾಸರಿ ಪಡ್ರೆಯಲ್ಲಿ ನೂರು ಕೋಟಿಗೆ 7.47 ಭಾಗ, ಮೀಂಜದಲ್ಲಿ 1.37. ಅದೂ ಮದ್ದು ನಿಂತು ಹತ್ತು ತಿಂಗಳಾದ ಮೇಲೆ!

ಈ ವಿಷ ಮಿದುಳಿನಲ್ಲಿ ಮಾಡುವ ಕೆಲಸ ವಿಜ್ಞಾನಕ್ಕೆ ಹೊಸದಲ್ಲ. ನರಕೋಶಗಳ ಓಟಕ್ಕೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕವಿದೆ. ಎಂಡೋಸಲ್ಫಾನ್ ಆ ಬ್ರೇಕನ್ನೇ ಹಿಡಿಯಗೊಡುವುದಿಲ್ಲ. ಕೋಶಗಳು ಹುಚ್ಚೆದ್ದು ಮಿಡಿಯುತ್ತವೆ, ಮೈ ಸೆಟೆಯುತ್ತದೆ, ಫಿಟ್ಸ್ ಬರುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಪೆಟ್ಟು ಇನ್ನೂ ಜೋರು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೇಂದ್ರ ಸರಕಾರದ ದುಬೆ ಸಮಿತಿ, ಆಮೇಲೆ ಮಾಯಿ ಸಮಿತಿ, ನಂಟು ಸಾಬೀತಾಗಿಲ್ಲವೆಂದವು. ಇಂದಿಗೂ ಹಾಗೆ ವಾದಿಸುವ ಕೃಷಿ ವಿಜ್ಞಾನಿಗಳಿದ್ದಾರೆ. ಪ್ರತಿಯೊಂದು ಮಗುವಿನ ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ಬೆರಳಿಟ್ಟು ಹೇಳಲಾಗದು ಎಂಬುದನ್ನು ನಾನೂ ಒಪ್ಪುತ್ತೇನೆ. ಹಾಗೆಂದು ಜನವಸತಿಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನರವಿಷ ಸುರಿದದ್ದು ಸರಿಯಾಗುತ್ತದೆಯೇ?

2011ರ ಏಪ್ರಿಲ್. ಜಿನೀವಾದಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಸೇರಿವೆ, ಭಾರತ ಕೊನೆಯವರೆಗೂ ಎಳೆದಾಡುತ್ತಿದೆ. ಕಡೆಗೂ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಬಿತ್ತು. ಎರಡು ವಾರದಲ್ಲಿ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆ ಕೊಟ್ಟಿತು. 2017ರ ಜನವರಿಯಲ್ಲಿ ಅದೇ ಕೋರ್ಟ್ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳಕ್ಕೆ ಆಜ್ಞೆ ಮಾಡಿತು. ಹಣ ಕೈಸೇರಲು ತಾಯಂದಿರು ಮತ್ತೆ ಬೀದಿಗಿಳಿಯಬೇಕಾಯಿತು.

ಕರ್ನಾಟಕದವರು ಇದನ್ನು ಪಕ್ಕದ ರಾಜ್ಯದ ಗೋಳೆಂದು ಪುಟ ತಿರುಗಿಸುವಂತಿಲ್ಲ. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಗೇರುತೋಪಿದೆ, ಅಲ್ಲೂ ಮೇಲಿನಿಂದ ಮದ್ದು ಬಿದ್ದಿದೆ, ಅಲ್ಲೂ ಮಲಗಿದಲ್ಲೇ ಬೆಳೆದ ಮಕ್ಕಳಿದ್ದಾರೆ. ಇನ್ನು ಗಡಿಯ ಮಿಂಚಿನಪದವು. ಉಳಿದ ಎಂಡೋಸಲ್ಫಾನನ್ನು ಅಲ್ಲಿನ ಪಾಳುಬಾವಿಗೆ ಹಾಕಿ ಮುಚ್ಚಿದ್ದಾರೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಎರಡೂ ಸರಕಾರಗಳು ಆ ಸುತ್ತಲಿನ ಮನೆಬಾವಿಗಳ ನೀರನ್ನು ಪ್ರತಿ ವರ್ಷ, ಮಳೆಗೆ ಮುಂಚೆ ಮತ್ತು ಮಳೆ ನಿಂತ ಮೇಲೆ, ಪರೀಕ್ಷಿಸಲಿ. ಫಲಿತಾಂಶವನ್ನು ಊರಿನವರಿಗೆ ಓದಲು ಬರುವ ಕನ್ನಡ ಮಲಯಾಳಗಳಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ.