ಉಲಿಯದ ಅಕ್ಷರಗಳ ನೆನಪು

ಐದಕ್ಷರದ ಇಂಗ್ಲಿಷ್ ಪದವೊಂದನ್ನು ಆರು ಪ್ರಯತ್ನಗಳೊಳಗೆ ಊಹಿಸಬೇಕಾದ ‘ವರ್ಡಲ್’ ಎಂಬ ಆಟ 2021ರಲ್ಲಿ ಜನರ ಕೈಗೆ ಬಂದ ಮೇಲೆ, ಇಂತಿಷ್ಟೇ ಉದ್ದದ, ಇಂಥದೇ ಅಕ್ಷರಜೋಡಿಯ ಪದಗಳನ್ನು ಪಟ್ಟಿಮಾಡುವ ಹವ್ಯಾಸ ಹಲವರಿಗೆ ಅಂಟಿಕೊಂಡಿತು. ಅಂಥ ಪಟ್ಟಿಗಳಲ್ಲಿ ‘ಜಿ’ ಮತ್ತು ‘ಎಚ್’ ಒತ್ತಾಗಿ ಕುಳಿತ ಪದಗಳದು ಒಂದು ವಿಚಿತ್ರ ಕುಲ. ಇರುಳಿನ ನೈಟ್, ಬೆಳಕಿನ ಲೈಟ್, ಬಲದ ಮೈಟ್, ನೋಟದ ಸೈಟ್, ಎಂಟರ ಏಟ್, ತೊಡೆಯ ಥೈ, ಕೊಂಬೆಯ ಬೌ, ಕಣಕದ ಡೋ: ಇವುಗಳಲ್ಲಿ ಆ ಜೋಡಿ ಮೌನಿ. ನಗೆಯ ಲಾಫ್, ಕೆಮ್ಮಿನ ಕಾಫ್, ಒರಟಿನ ರಫ್‌ಗಳಲ್ಲಿ ಅದು ಫಕಾರ. ದೆವ್ವದ ಗೋಸ್ಟ್‌ನಲ್ಲಿ ಗಕಾರ. ಕಣ್ಣಿಗೆ ಒಂದೇ ಮನೆತನ; ಕಿವಿಗೆ ಮೂರು ಒಕ್ಕಲು.

ಐದನೆಯ ತರಗತಿಯಲ್ಲಿ ಮೊದಲ ಸಲ ಇಂಗ್ಲಿಷ್ ಅಕ್ಷರಗಳನ್ನು ಕಂಡ ಕನ್ನಡ ಶಾಲೆಯ ಮಕ್ಕಳಿಗೆ ಈ ಕುಲ ತಂದ ಸಂಕಟ ಸಣ್ಣದಲ್ಲ. ಬರೆದುದನ್ನೆಲ್ಲ ಉಚ್ಚರಿಸುವುದು ಕನ್ನಡದ ಮಗುವಿಗೆ ಅಭ್ಯಾಸ. ಅದು ಅಕ್ಷರಗಳನ್ನು ನಂಬಿ, ನಗೆಯ ಪದವನ್ನು ‘ಲಾಘ್’ ಎಂದು ಓದುತ್ತದೆ. ತರಗತಿಯೆಲ್ಲ ಗೊಳ್ಳೆಂದು ನಗುತ್ತದೆ. ಎದ್ದು ನಿಂತ ಮಗು ಮಾತ್ರ ಆ ಪದದ ಅರ್ಥವನ್ನು ಅಂದು ಬೇರೆ ಬಗೆಯಲ್ಲಿ ಕಲಿಯುತ್ತದೆ. ಹಾಗೆ ಕುಗ್ಗಿದ ದನಿ ಎಷ್ಟೋ ಮಂದಿಯಲ್ಲಿ ಮುಂದೆ ಕಾಲೇಜಿನಲ್ಲಿಯೂ, ಸಂದರ್ಶನದ ಕೊಠಡಿಯಲ್ಲಿಯೂ ಏಳಲೇ ಇಲ್ಲ.

ಆದರೆ ಆ ಮಗು ಮಾಡಿದ್ದು ಅಪರಾಧವೇ? ಪದಚರಿತ್ರೆಯನ್ನು ಕೇಳಿದರೆ ತೀರ್ಪು ಸಡಿಲವಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇರುಳು ‘ನಿಹ್ತ್’, ಬಲ ‘ಮಿಹ್ತ್’, ನೇರವಾದುದು ‘ರಿಹ್ತ್’. ಬರೆದರೆ ನಾಲ್ಕೇ ಅಕ್ಷರ. ನಡುವಿನ ಹಕಾರ ಗಂಟಲನ್ನು ಉಜ್ಜಿಕೊಂಡು ಬರುವ ದನಿಯಾಗಿತ್ತು. 1066ರ ನಾರ್ಮನ್ ವಿಜಯದ ಅನಂತರದ ಶತಮಾನಗಳಲ್ಲಿ, ಫ್ರೆಂಚ್ ರೂಢಿಯಲ್ಲಿ ಪಳಗಿದ ಲಿಪಿಕಾರರು ಆ ದನಿಗೆ ‘ಜಿ–ಎಚ್’ ಜೋಡಿಯನ್ನು ಬಳಕೆಗೆ ತಂದರು. ನಾಲ್ಕಕ್ಷರದ ಪದಗಳು ಐದಕ್ಷರದವಾದದ್ದು ಹೀಗೆ. ಹದಿನಾಲ್ಕನೆಯ ಶತಮಾನದ ಚಾಸರ್ ಕವಿ ಆ ದನಿಯನ್ನು ಉಚ್ಚರಿಸುತ್ತಿದ್ದವನೇ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಕಾಗುಣಿತ ಅಚ್ಚಿನ ಮೊಳೆಗಳಲ್ಲಿ ಗಟ್ಟಿಯಾಗುತ್ತ ಹೋಯಿತು. ನಾಲಗೆ ಮಾತ್ರ ತನ್ನ ದಾರಿಯನ್ನು ತಾನು ಹಿಡಿಯಿತು. ಕೆಲವೆಡೆ ದನಿ ಅಳಿಯಿತು, ಕೆಲವೆಡೆ ಫಕಾರವಾಯಿತು. ದೆವ್ವದ ಪದಕ್ಕೆ ಈ ಎಚ್ ಕೂಡಿಕೊಂಡದ್ದಂತೂ ಕ್ಯಾಕ್ಸ್‌ಟನ್ ಫ್ಲೆಮಿಶ್ ನಾಡಿನಲ್ಲಿ ಕಲಿತು ಬಂದ ಬರವಣಿಗೆಯ ಪ್ರಭಾವದಿಂದ. ಅಲ್ಲಿ ಹಳೆಯ ದನಿಯ ನೆನಪೇನೂ ಇಲ್ಲ.

ಜರ್ಮನ್ನರ ‘ನಾಖ್ಟ್’, ‘ಲಿಖ್ಟ್’, ‘ಆಖ್ಟ್’ ಪದಗಳಲ್ಲಿ ಆ ಗಂಟಲ ದನಿ ಇಂದಿಗೂ ಜೀವಂತ. ಸಂಸ್ಕೃತದ ‘ನಕ್ತ’, ‘ಅಷ್ಟ’ಗಳೂ ಇದೇ ಮೂಲದ ಬಂಧುಗಳು. ‘ನಕ್ತಂಚರ’ ಎಂಬ ಪದದಲ್ಲಿ ಕೇಳಿಸುವ ಕಕಾರವೇ ಇಂಗ್ಲಿಷರ ಇರುಳಿನಲ್ಲಿ ಮೌನವಾಗಿ ಕುಳಿತಿದೆ. ಮಗುವಿನ ಘಕಾರ ಚಾಸರನ ದನಿಯಲ್ಲವೆಂಬುದು ನಿಜ. ಆದರೆ ಅಲ್ಲಿ ಏನೋ ಉಲಿಯಬೇಕಿತ್ತು ಎಂಬ ಅದರ ಶಂಕೆ ನ್ಯಾಯವಾದದ್ದೇ.

ಉಲಿಯದ ಅಕ್ಷರವನ್ನು ಕಿತ್ತೊಗೆಯಬೇಕೆಂದವರು ಇಂಗ್ಲಿಷಿನಲ್ಲಿಯೂ ಇದ್ದರು. ಅಮೆರಿಕದ ನೋವಾ ವೆಬ್‌ಸ್ಟರ್ 1789ರಲ್ಲಿಯೇ ಲಾಫ್, ಟಫ್ ಪದಗಳನ್ನು ಕೇಳಿದಂತೆಯೇ, ಮೂರೇ ಅಕ್ಷರಗಳಲ್ಲಿ ಬರೆಯಬೇಕೆಂದು ಸೂಚಿಸಿದ. ಅವನ ಸುಧಾರಣೆಗಳಲ್ಲಿ ಕೆಲವು ಅವನ ನಾಡಿನಲ್ಲಿ ನೆಲೆಸಿದವು, ಇವು ನೆಲೆಸಲಿಲ್ಲ. ಆ ಮೌನಿಗೂ ಒಂದು ಕೆಲಸವಿದೆ. ನೋಟದ ‘ಸೈಟ್’ ಮತ್ತು ನಿವೇಶನದ ‘ಸೈಟ್’, ಎಂಟು ಎಂಬ ‘ಏಟ್’ ಮತ್ತು ಉಂಡ ಎಂಬ ‘ಏಟ್’ ಕಿವಿಗೆ ಒಂದೇ. ಅವನ್ನು ಕಣ್ಣಿಗೆ ಬೇರ್ಪಡಿಸಿ ತೋರಿಸುವಲ್ಲಿ ಈ ಜೋಡಿಯ ಪಾಲೂ ಇದೆ.

ಕನ್ನಡ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. ಹಳಗನ್ನಡದಲ್ಲಿ ‘ೞ’ ಎಂಬ ಬೇರೆಯೇ ಅಕ್ಷರವಿತ್ತು. ಮಳೆ ‘ಮೞೆ’ಯಾಗಿತ್ತು, ಕೋಳಿ ‘ಕೋೞಿ’ಯಾಗಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕಾಗಲೇ ಈ ದನಿ ಳಕಾರದೊಡನೆ ಬೆರೆಯುತ್ತಿತ್ತು. ಆದುದರಿಂದಲೇ ಆ ವೈಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರವುಳ್ಳ ಪದಗಳನ್ನು ಹೆಕ್ಕಿ ಪಟ್ಟಿಮಾಡಿಟ್ಟ. ಅದು ಆಟದ ಪಟ್ಟಿಯಲ್ಲ. ಮುಳುಗುವ ಮನೆಯಿಂದ ಪಾತ್ರೆಗಳನ್ನು ಎಣಿಸಿ ಹೊರಗಿಟ್ಟಂತೆ. ಕಡೆಗೆ ದನಿಯೊಡನೆ ಅಕ್ಷರವೂ ಬಳಕೆಯಿಂದ ಹೋಯಿತು. ಕನ್ನಡದ ಮಗುವಿಗೆ ಓದು ಸುಲಭವಾಯಿತು. ಆದರೆ ಜೀವನವೆಂಬ ಅರ್ಥದ ‘ಬಾೞ್’ ಮತ್ತು ಕತ್ತಿಯೆಂಬ ಅರ್ಥದ ‘ಬಾಳ್’ ಎರಡೂ ಒಂದೇ ‘ಬಾಳು’ ಆಗಿ, ಅವುಗಳ ನಡುವಣ ಗೆರೆ ಅಳಿಸಿಹೋಯಿತು.

ಒಂದು ಭಾಷೆ ನೆನಪನ್ನು ಉಳಿಸಿಕೊಂಡು ಕಲಿಯುವವನ ಮೇಲೆ ಭಾರ ಹೊರಿಸಿತು; ಇನ್ನೊಂದು ಭಾರವನ್ನು ಇಳಿಸಿ ನೆನಪನ್ನು ವಿದ್ವಾಂಸರ ಪಾಲಿಗೆ ಬಿಟ್ಟಿತು. ಇವುಗಳಲ್ಲಿ ಯಾವುದು ಮೇಲೆಂದು ಹೇಳುವುದು ಕಷ್ಟ. ಆದರೆ ಅಕ್ಷರವನ್ನು ನಂಬಿ ಓದಿದ ಮಗುವನ್ನು ಕಂಡು ನಗುವ ಮುನ್ನ, ಆ ಅಕ್ಷರ ಅಲ್ಲಿಗೆ ಹೇಗೆ ಬಂತೆಂದು ಹೇಳಬಲ್ಲ ಗುರುವೊಬ್ಬನು ತರಗತಿಯಲ್ಲಿದ್ದರೆ ಸಾಕು. ಆಗ ಅದೇ ಪದ ಅವಮಾನವಾಗದೆ ಕಥೆಯಾಗುತ್ತದೆ.